ಆ ಹಳೆಯ ಲ್ಯಾಂಡ್‌ಸ್ಪೀಡರ್ ಅಸಲಿಯೇ?

ಪ್ರಶ್ನೆ: ಸ್ಟಾರ್ ವಾರ್ಸ್‌ನ ಹಳೆಯ ಲ್ಯಾಂಡ್‌ಸ್ಪೀಡರ್ ಮತ್ತು ಲ್ಯೂಕ್ ಬೊಂಬೆಯನ್ನು ಕೊಳ್ಳುವ ಮುನ್ನ ಏನನ್ನು ನೋಡಬೇಕು?

ಉತ್ತರ: ಮೊದಲು ಲ್ಯೂಕ್‌ನ ಕೈ ನೋಡಿ. ಅಮೆರಿಕದ ಕೆನ್ನರ್ ಕಂಪನಿ 1978ರಲ್ಲಿ ಮಾರುಕಟ್ಟೆಗೆ ತಂದ ಈ ಮೂರೂಮುಕ್ಕಾಲು ಇಂಚಿನ ಬೊಂಬೆಯ ಹಳದಿ ಲೈಟ್‌ಸೇಬರ್ ಕತ್ತಿ ತೋಳಿನೊಳಗಿಂದ ಜಾರಿ ಹೊರಬರುತ್ತದೆ. ತುದಿಯ ಸಣ್ಣ ಕಡ್ಡಿ ಕಳೆದುಹೋಗಿದ್ದರೆ, ಮುರಿದಿದ್ದರೆ ಬೆಲೆ ಧಡಕ್ಕನೆ ಇಳಿಯುತ್ತದೆ. ಆರಂಭದ ಕೆಲವೇ ಬೊಂಬೆಗಳಲ್ಲಿ ಈ ಕತ್ತಿ ಎರಡು ಹಂತದಲ್ಲಿ ಚಾಚಿಕೊಳ್ಳುತ್ತಿತ್ತು. ಅವು ಬಲು ಅಪರೂಪ, ಹಾಗಾಗಿಯೇ ನಕಲಿಗಳೂ ಹೇರಳ. ಅಂಥದ್ದೆಂದು ಯಾರಾದರೂ ಹೇಳಿದರೆ ಪಳಗಿದ ಸಂಗ್ರಾಹಕರಿಗೆ ತೋರಿಸದೆ ಹಣ ಕೊಡಲೇಬೇಡಿ. ಕಾಲಿನ ಹಿಂಬದಿಯ 1977 ಎಂಬ ಅಚ್ಚು ಹಕ್ಕುಸ್ವಾಮ್ಯದ ವರ್ಷ, ತಯಾರಾದ ವರ್ಷವಲ್ಲ.

ಇನ್ನು ಲ್ಯಾಂಡ್‌ಸ್ಪೀಡರ್ ವಾಹನದಲ್ಲಿ ನನಗೆ ಅತಿ ಇಷ್ಟದ ಭಾಗ ಅಡಿಯಲ್ಲಿದೆ. ಸ್ಪ್ರಿಂಗ್ ಮೇಲೆ ಕುಳಿತ ಚಕ್ರಗಳು ಅದನ್ನು ನೆಲದಿಂದ ತುಸು ಮೇಲೆ ತೇಲುವಂತೆ ತೋರಿಸುತ್ತವೆ. ಎಷ್ಟು ಸರಳ, ಎಷ್ಟು ಜಾಣ ಉಪಾಯ! ಒತ್ತಿ ನೋಡಿ, ಪುಟಿಯಬೇಕು. ಮುಂಗಾಜು ಬಿರುಕುಬಿಟ್ಟಿದೆಯೇ, ಸ್ಟಿಕ್ಕರ್‌ಗಳು ಹಳೆಯವೇ ಎಂದು ಪರೀಕ್ಷಿಸಿ. ಹಳದಿಗಟ್ಟಿದ ಪ್ಲಾಸ್ಟಿಕ್ಕಿನ ಮೇಲೆ ಥಳಥಳ ಹೊಳೆಯುವ ಸ್ಟಿಕ್ಕರ್ ಕಂಡರೆ ಅದು ಈಚಿನ ಮರುಮುದ್ರಣವಿರಬಹುದು. ಡಬ್ಬಿ ಇದ್ದರೆ ಬೆಲೆ ಹೆಚ್ಚು. ಮಾರುವವರು ಕೇಳುವ ಬೆಲೆ ನಂಬದೆ, ಅದೇ ಸ್ಥಿತಿಯ ಆಟಿಕೆ ಹರಾಜಿನಲ್ಲಿ ನಿಜಕ್ಕೂ ಮಾರಾಟವಾದ ಬೆಲೆಯನ್ನು ಹುಡುಕಿ.