‘ನಾವು’ಗಳ ನಗರದಲ್ಲಿ ಒಬ್ಬ ‘ನಾನು’

ಆ ನಗರದ ಮನೆಗಳೆಲ್ಲ ಗಾಜಿನವು. ಯಾರು ಏನು ಮಾಡುತ್ತಿದ್ದಾರೆ ಎಂಬುದು ಎಲ್ಲರಿಗೂ ಕಾಣುತ್ತದೆ. ಬೆಳಿಗ್ಗೆ ಒಂದೇ ಕ್ಷಣಕ್ಕೆ ಎಲ್ಲರೂ ಏಳುತ್ತಾರೆ. ಒಂದೇ ಕ್ಷಣಕ್ಕೆ ತುತ್ತನ್ನು ಬಾಯಿಗಿಡುತ್ತಾರೆ. ಪ್ರತಿ ತುತ್ತನ್ನೂ 50 ಸಲ ಅಗಿಯಬೇಕೆಂಬುದು ನಿಯಮ. ಯಾರಿಗೂ ಹೆಸರಿಲ್ಲ. ಗಂಡಸಾದರೆ ಒಂದು ವ್ಯಂಜನ ಮತ್ತು ಬೆಸಸಂಖ್ಯೆ, ಹೆಂಗಸಾದರೆ ಒಂದು ಸ್ವರ ಮತ್ತು ಸಮಸಂಖ್ಯೆ, ಅಷ್ಟೆ.

ರಷ್ಯದ ಲೇಖಕ ಯೆವ್ಗೆನಿ ಝಮ್ಯಾತಿನ್ (1884-1937) ‘ನಾವು’ ಎಂಬ ಕಾದಂಬರಿಯಲ್ಲಿ ಕಟ್ಟಿಕೊಟ್ಟ ‘ಏಕರಾಜ್ಯ’ ಇದು. 1920-21ರಲ್ಲಿ ಬರೆದ ಈ ಕೃತಿಗೆ ಅವನ ದೇಶದಲ್ಲಿ ಪ್ರಕಟಣೆಯ ಅನುಮತಿ ಸಿಗಲಿಲ್ಲ. 1924ರಲ್ಲಿ ಅದು ಮೊದಲು ಬೆಳಕು ಕಂಡದ್ದು ನ್ಯೂಯಾರ್ಕ್‌ನಲ್ಲಿ, ಅದೂ ಇಂಗ್ಲಿಷ್ ಅನುವಾದವಾಗಿ.

ಝಮ್ಯಾತಿನ್ ವೃತ್ತಿಯಿಂದ ಹಡಗಿನ ಎಂಜಿನಿಯರ್. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿಗೆ ಹೋಗಿ, ರಷ್ಯಕ್ಕಾಗಿ ಹಿಮ ಒಡೆಯುವ ಹಡಗುಗಳ ನಿರ್ಮಾಣದ ಉಸ್ತುವಾರಿ ನೋಡಿಕೊಂಡವನು. ಕಾರ್ಮಿಕನ ಒಂದೊಂದು ಚಲನೆಯನ್ನೂ ಗಡಿಯಾರ ಹಿಡಿದು ಅಳೆದ ಅಮೆರಿಕದ ಫ್ರೆಡರಿಕ್ ಟೇಲರನ ವಿಧಾನ ಆಗ ಎಲ್ಲೆಡೆ ಹೆಸರಾಗಿತ್ತು. ಆ ಲೆಕ್ಕಾಚಾರ ಕಾರ್ಖಾನೆಯ ಗೇಟು ದಾಟಿ ಊಟ, ನಿದ್ರೆ, ಪ್ರಣಯಕ್ಕೂ ಬಂದರೆ? ಕಾದಂಬರಿ ಹುಟ್ಟುವುದು ಈ ಪ್ರಶ್ನೆಯಿಂದ. ಏಕರಾಜ್ಯದ ಪ್ರಜೆಗಳಿಗೆ ಪ್ರಾಚೀನರಲ್ಲೆಲ್ಲ ದೊಡ್ಡ ಜ್ಞಾನಿ ಎಂದರೆ ಟೇಲರನೇ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕಥಾನಾಯಕ ಡಿ-503 ದಬ್ಬಾಳಿಕೆಗೆ ಸಿಕ್ಕಿ ನರಳುತ್ತಿರುವವನಲ್ಲ. ತನ್ನ ರಾಜ್ಯವನ್ನು ಮನಸಾರೆ ಮೆಚ್ಚಿದವನು. ಸ್ವಾತಂತ್ರ್ಯ ಇದ್ದಲ್ಲಿ ಆಯ್ಕೆಯ ಸಂಕಟವಿದೆ, ತಪ್ಪಿದೆ, ಅಪರಾಧವಿದೆ. ಅದನ್ನು ತೆಗೆದುಹಾಕಿದರೆ ಉಳಿಯುವುದು ಸುಖ ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದಾನೆ. ಎಲ್ಲರಂತಿರುವುದರಲ್ಲಿ ಒಂದು ನೆಮ್ಮದಿ ಇದೆ ಎಂಬುದನ್ನು ಝಮ್ಯಾತಿನ್ ಅಲ್ಲಗಳೆಯುವುದಿಲ್ಲ. ಕಾವಲುಗಾರರಿಗಿಂತ ಆ ನೆಮ್ಮದಿಯೇ ಏಕರಾಜ್ಯದ ನಿಜವಾದ ಬಲ.

ಹಾಗಾದರೆ ಬಿರುಕು ಎಲ್ಲಿ ಮೂಡುತ್ತದೆ? ಡಿ-503 ಕಟ್ಟುತ್ತಿರುವ ಅಂತರಿಕ್ಷ ನೌಕೆಯಲ್ಲಿ ಬೇರೆ ಗ್ರಹಗಳಿಗೆ ಕಳಿಸಲೆಂದು ರಾಜ್ಯದ ಸ್ತುತಿಯನ್ನು ಬರೆಯಲು ಕರೆ ಬರುತ್ತದೆ. ಅವನು ದಿನಚರಿ ಆರಂಭಿಸುತ್ತಾನೆ. ‘ನಾವು’ ಎಂದೇ ಹೆಸರಿಡುತ್ತಾನೆ. ಆದರೆ ಬರೆಯಲು ಕುಳಿತವನು ಒಬ್ಬಂಟಿ. ಕಂಡದ್ದನ್ನು ಹೇಳಹೊರಟರೆ ತನಗೆ ಅನಿಸಿದ್ದನ್ನೂ ಹೇಳಬೇಕಾಗುತ್ತದೆ. ಐ-330 ಎಂಬಾಕೆಯ ಮೇಲಿನ ಮೋಹ, ಅಸೂಯೆ, ಕನಸು ಎಲ್ಲವೂ ಪುಟಗಳಿಗೆ ನುಗ್ಗುತ್ತವೆ. ವೈದ್ಯರ ಬಳಿ ಹೋದರೆ ಅವರು ಹೇಳುವ ರೋಗ ವಿಚಿತ್ರವಾದದ್ದು: ಅವನಲ್ಲಿ ಆತ್ಮವೊಂದು ಹುಟ್ಟಿಕೊಂಡಿದೆ!

ರಾಜ್ಯಕ್ಕೂ ಇಂಥದೇ ಗಳಿಗೆ ಬರುತ್ತದೆ. ‘ಹಿತಕಾರಿ’ ಎಂಬ ಆಳುವವನನ್ನು ವರ್ಷಕ್ಕೊಮ್ಮೆ ಎಲ್ಲರೂ ಬಹಿರಂಗವಾಗಿ ಕೈಯೆತ್ತಿ ಆರಿಸುವ ದಿನ, ಸಾವಿರಾರು ಕೈಗಳು ವಿರುದ್ಧವಾಗಿ ಏಳುತ್ತವೆ. ಮರುದಿನದ ಪತ್ರಿಕೆ ಆ ಮತಗಳನ್ನು ಸಂಗೀತ ಸಭೆಯಲ್ಲಿ ಕೇಳಿಬಂದ ಕೆಮ್ಮಿಗೆ ಹೋಲಿಸಿ ತಳ್ಳಿಹಾಕುತ್ತದೆ. ಕೊನೆಗೆ ಸರ್ಕಾರ ಕಂಡುಕೊಂಡ ಪರಿಹಾರ, ಕಲ್ಪನಾಶಕ್ತಿಯನ್ನೇ ಕಿತ್ತುಹಾಕುವ ಶಸ್ತ್ರಚಿಕಿತ್ಸೆ. ಅದಕ್ಕೆ ಒಳಗಾದ ಡಿ-503 ತಾನು ಪ್ರೀತಿಸಿದವಳ ಚಿತ್ರಹಿಂಸೆಯನ್ನು ನಿರ್ವಿಕಾರವಾಗಿ ನೋಡುತ್ತಾನೆ. ಆಕೆ ಬಾಯಿ ಬಿಡುವುದಿಲ್ಲ.

ಲೇಖಕನ ಬದುಕೂ ಕಥೆಯಿಂದ ದೂರವಿರಲಿಲ್ಲ. ಯೌವನದಲ್ಲಿ ಬೊಲ್ಷೆವಿಕನೆಂದು ತ್ಸಾರ್ ಸರ್ಕಾರ ಅವನನ್ನು ಸೆರೆಗೆ ಹಾಕಿತ್ತು. 1922ರಲ್ಲಿ ಬೊಲ್ಷೆವಿಕರ ಸರ್ಕಾರವೂ ಹಾಕಿತು. ಕಾದಂಬರಿ ವಿದೇಶದಲ್ಲಿ ಪ್ರಕಟವಾಯಿತೆಂಬ ಕಾರಣಕ್ಕೆ 1929ರಲ್ಲಿ ಲೇಖಕರ ಸಂಘಗಳೇ ಅವನ ಮೇಲೆ ಮುಗಿಬಿದ್ದವು. 1931ರಲ್ಲಿ ಸ್ಟಾಲಿನ್‌ಗೆ ನೇರವಾಗಿ ಪತ್ರ ಬರೆದು ದೇಶ ಬಿಡಲು ಅನುಮತಿ ಕೇಳಿದ. ಗಾರ್ಕಿಯ ನೆರವಿನಿಂದ ಅದು ದೊರೆಯಿತು. 1937ರಲ್ಲಿ ಪ್ಯಾರಿಸ್‌ನಲ್ಲಿ ಬಡತನದಲ್ಲೇ ತೀರಿಕೊಂಡ. ಜಾರ್ಜ್ ಆರ್ವೆಲ್ 1946ರಲ್ಲಿ ‘ನಾವು’ ಕುರಿತು ವಿಮರ್ಶೆ ಬರೆದ. ಅವನ ‘1984’ ಬಂದದ್ದು 1949ರಲ್ಲಿ. ಸೋವಿಯತ್ ನೆಲದಲ್ಲಿ ‘ನಾವು’ ಅಚ್ಚಾಗಲು 1988ರವರೆಗೆ ಕಾಯಬೇಕಾಯಿತು.

ಸಮಾಜವೆಂದ ಮೇಲೆ ‘ನಾವು’ ಬೇಕೇ ಬೇಕು. ಝಮ್ಯಾತಿನ್‌ನ ತಕರಾರು ಅದರ ಮೇಲಲ್ಲ. ‘ನಾನು’ ಎಂಬುದನ್ನು ರೋಗವೆಂದು ಕರೆಯುವ ‘ನಾವು’ ಮಾತ್ರ ಅವನಿಗೆ ಭಯ ಹುಟ್ಟಿಸಿತ್ತು. ಆ ರೋಗಕ್ಕೆ ಮದ್ದು ಸಿಕ್ಕ ಮೇಲೆ ಡಿ-503 ಮತ್ತೆ ಸುಖಿಯಾಗುತ್ತಾನೆ. ಓದುಗನ ನೆಮ್ಮದಿ ಕೆಡುವುದು ಅಲ್ಲಿಯೇ.