ಭಾನುವಾರದ ಮಾರನೆಯ ದಿನ

ಭಾನುವಾರ ಎರಡು ಊರಲ್ಲಿ ಆರಾಧನೆ, ನಡುವೆ ಒಂದು ದೀಕ್ಷಾಸ್ನಾನ, ಸಂಜೆ ರೋಗಿಯೊಬ್ಬರ ಮನೆಯಲ್ಲಿ ಪ್ರಾರ್ಥನೆ. ಸೋಮವಾರ ಏಳುವ ಹೊತ್ತಿಗೆ ಸಭಾಪಾಲಕರ ಮೈಯೂ ಮನಸ್ಸೂ ಸೋತಿರುತ್ತವೆ. ನಿನ್ನೆಯ ಪ್ರಸಂಗ ಯಾರಿಗೂ ಮುಟ್ಟಲೇ ಇಲ್ಲವೇನೋ ಎಂಬ ಕೊರಗು ಬೇರೆ. ಎಷ್ಟೋ ಮಂದಿ ಇದನ್ನು ವಿಶ್ವಾಸದ ಕೊರತೆ ಎಂದುಕೊಂಡು ಇನ್ನೊಂದು ಉಪವಾಸ, ಇನ್ನೊಂದು ಕೂಟ ಇಟ್ಟುಕೊಳ್ಳುತ್ತಾರೆ. ಅವರಿಗೆ ಮೊದಲು ಬೇಕಾದದ್ದು ನಿದ್ದೆ.

ಸತ್ಯವೇದವೂ ಇದನ್ನೇ ತೋರಿಸುತ್ತದೆ. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ದೊಡ್ಡ ಜಯ ಕಂಡ ಎಲೀಯ, ಈಜೆಬೆಲಳ ಒಂದು ಬೆದರಿಕೆಗೆ ಅಡವಿಗೆ ಓಡಿಹೋಗಿ ಗಿಡವೊಂದರ ಕೆಳಗೆ ಕೂತು ಸಾವನ್ನು ಬೇಡಿದ. ಬಂದ ದೇವದೂತ ಗದರಲಿಲ್ಲ, ಪ್ರಸಂಗ ಮಾಡಲಿಲ್ಲ. ತಲೆದೆಸೆಯಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದು ಮತ್ತೆ ಮಲಗಿದ. ಎರಡನೆಯ ಸಲವೂ ಊಟವೇ. ಇಲ್ಲೇನು ಮಾಡುತ್ತಿದ್ದೀ ಎಂಬ ಪ್ರಶ್ನೆ ಬಂದದ್ದು ಹೋರೇಬ್ ಮುಟ್ಟಿದ ಮೇಲೆ. ಕಡೆಗೆ ಎಲೀಷನೆಂಬ ಜೊತೆಗಾರನೂ ಸಿಕ್ಕ. ಈ ಕ್ರಮವನ್ನು ತಿರುವುಮುರುವು ಮಾಡಬಾರದು.

ಲಂಡನ್ನಿನ ಚಾರ್ಲ್ಸ್ ಸ್ಪರ್ಜನ್ ಹೆಸರು ಕೇಳದ ಬೋಧಕರು ಕಡಿಮೆ. 1856ರ ಅಕ್ಟೋಬರ್‌ನಲ್ಲಿ ಅವರು ಬೋಧಿಸುತ್ತಿದ್ದ ಸಭಾಂಗಣದಲ್ಲಿ ಯಾರೋ ಬೆಂಕಿ ಎಂದು ಕೂಗಿದರು. ನೂಕುನುಗ್ಗಲಲ್ಲಿ 7 ಮಂದಿ ಸತ್ತರು. ಆಗ ಅವರಿಗೆ 22 ವರ್ಷ. ಆ ಪೆಟ್ಟು ಅವರನ್ನು ಕೊನೆತನಕ ಬಿಡಲಿಲ್ಲ. ಮುಂದೆ ಎಳೆಯ ಬೋಧಕರಿಗೆ ಪಾಠ ಮಾಡುವಾಗ, ಬೋಧಕರಿಗೆ ಬಡಿಯುವ ಈ ಕುಗ್ಗುವಿಕೆಗೇ ಒಂದು ಇಡೀ ಉಪನ್ಯಾಸ ಮೀಸಲಿಟ್ಟರು. ಅಂಥವರೇ ಮುಚ್ಚಿಡಲಿಲ್ಲ ಎಂಬುದು ನನಗೆ ದೊಡ್ಡ ಧೈರ್ಯ.

ಇನ್ನು ಕೆಲಸದ ಹೊರೆ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನ್ಯಾಯ ತೀರಿಸುತ್ತಿದ್ದ ಮೋಶೆಗೆ ಹೊರೆಯನ್ನು ಹಂಚಿಕೋ ಎಂದು ಮಾವ ಇತ್ರೋ ಹೇಳಿಕೊಟ್ಟದ್ದು ಇವತ್ತಿಗೂ ನಡೆಯುತ್ತದೆ. ಮನೆಗಳ ಪಟ್ಟಿಯನ್ನು ಬೀದಿವಾರು ಹಿರಿಯರಿಗೂ ಸ್ತ್ರೀಯರ ಸಂಘಕ್ಕೂ ಹಂಚಿ. ವಾಡಿಕೆಯ ಭೇಟಿ ಅವರದು. ಕಾಯಿಲೆ, ಸಾವು, ಒಡೆದ ಸಂಸಾರ ನಿಮ್ಮದು. ಕಾಣಿಕೆ ಎಣಿಸುವಾಗ ಇಬ್ಬರು ಇರಲಿ, ಅದರಲ್ಲಿ ನೀವು ಬೇಡ. ಸಭೆಯಲ್ಲಿ ಏಳುವ ಎಷ್ಟೋ ಗುಸುಗುಸು ಅಲ್ಲಿಗೇ ನಿಲ್ಲುತ್ತದೆ.

ಮನಸ್ಸು ಬಿಚ್ಚಿ ಮಾತಾಡಲು ಒಬ್ಬರು ಬೇಕೇ ಬೇಕು, ಆದರೆ ಅವರು ನಿಮ್ಮ ಪಾಲನಾ ಸಮಿತಿಯವರಾಗಿರಬಾರದು. ವರ್ಗಾವಣೆ ಮಾಡುವವರೂ ಆಗಿರಬಾರದು. ಅವರೆದುರು ಯಾರೂ ಪೂರ್ತಿ ನಿಜ ಹೇಳಲಾರರು. ಪಕ್ಕದ ತಾಲ್ಲೂಕಿನ, ಬೇರೆ ಸಭೆಯ ಬೋಧಕರಾದರೂ ಸರಿ: ತಿಂಗಳಿಗೊಮ್ಮೆ ಒಟ್ಟಿಗೆ ಉಣ್ಣಿ, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿ. ಮನೆಯಲ್ಲಿರುವ ಅಮ್ಮನವರಿಗೂ ಅಂಥ ಒಬ್ಬ ಗೆಳತಿ ಬೇಕು. ನಿಮ್ಮ ದುಃಖವನ್ನೂ ಸಭೆಯ ದುಃಖವನ್ನೂ ಅವರೊಬ್ಬರೇ ಹೊರಬಾರದು.

ಎರಡು ವಾರ ಕಳೆದರೂ ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರೆ ಅದೇ ದಿನ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ. ಔಷಧಿಯೂ ಕೆಂಡದ ಮೇಲಿನ ಆ ರೊಟ್ಟಿಯ ಹಾಗೆಯೇ.

ಸಮಿತಿಯವರಿಗೂ ಒಂದು ಬಿನ್ನಹ. ಸೋಮವಾರ ಅಯ್ಯನವರ ಫೋನು ಹಿರಿಯರೊಬ್ಬರ ಕೈಯಲ್ಲಿರಲಿ. ಸಾವು, ಆಸ್ಪತ್ರೆಯ ಸುದ್ದಿ ಮಾತ್ರ ಅವರನ್ನು ಮುಟ್ಟಲಿ. ದೇವಾಲಯದ ಬಾಗಿಲ ಫಲಕದಲ್ಲಿ ಆರಾಧನೆಯ ಸಮಯದ ಕೆಳಗೆ ಒಂದು ಸಾಲು ಬರೆಸಿ: ಸೋಮವಾರ ಸಭಾಪಾಲಕರಿಗೆ ವಿಶ್ರಾಂತಿ.