ಹುಬ್ಬು ಜೋತು ಬಿದ್ದರೆ ಮೊದಲು ನರ ನೋಡಿಸೋಣ

ಮುಖ ಸೊಟ್ಟಗಾಗಿ ಹುಬ್ಬು ಕಣ್ಣಿನ ಮೇಲೆ ಇಳಿದರೆ 'ಗಾಳಿ ತಾಗಿದೆ' ಅಂತ ಎಣ್ಣೆ ತಿಕ್ಕುತ್ತಾ ದಿನ ಕಳೆಯುವವರು ನಮ್ಮಲ್ಲಿ ಈಗಲೂ ಇದ್ದಾರೆ. ಹುಬ್ಬನ್ನು ಮೇಲೆತ್ತುವುದು ಹಣೆಯ ಒಂದೇ ಸ್ನಾಯು. ಅದನ್ನು ನಡೆಸುವುದು ಮುಖದ ನರದ ಒಂದು ತೆಳು ಕವಲು. ಆ ನರ ಸೋತರೆ ಹಣೆಯ ನೆರಿಗೆ ಮಾಯವಾಗುತ್ತದೆ, ಹುಬ್ಬು ಇಳಿಯುತ್ತದೆ, ಕಣ್ಣು ಪೂರ್ತಿ ಮುಚ್ಚುವುದಿಲ್ಲ.

ಪಾರ್ಶ್ವವಾಯುವಿನಲ್ಲಿ ಬಾಯಿ ಸೊಟ್ಟಗಾದರೂ ಸಾಮಾನ್ಯವಾಗಿ ಹುಬ್ಬು ಏರುತ್ತದೆ. ಹಣೆಗೆ ಮೆದುಳಿನ ಎರಡೂ ಬದಿಯಿಂದ ಅಪ್ಪಣೆ ಬರುವುದೇ ಇದಕ್ಕೆ ಕಾರಣ. ಹುಬ್ಬೂ ಏರದಿದ್ದರೆ ಹೆಚ್ಚಾಗಿ ಅದು ಬೆಲ್ಸ್ ಪಾಲ್ಸಿ. ಆದರೆ ಯಾವುದೆಂದು ಮನೆಯಲ್ಲಿ ಕೂತು ತೀರ್ಮಾನಿಸುವುದು ಬೇಡ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬೆಲ್ಸ್ ಪಾಲ್ಸಿಗೆ 72 ಗಂಟೆಯೊಳಗೆ ಸ್ಟೀರಾಯ್ಡ್ ಮಾತ್ರೆ ಶುರುವಾದರೆ ಒಳ್ಳೆಯದು. ಹೆಚ್ಚಿನವರು ಕೆಲವು ವಾರ, ತಿಂಗಳಲ್ಲಿ ಚೇತರಿಸುತ್ತಾರೆ.

ಹಾಗಾಗಿ ಹುಬ್ಬೆತ್ತುವ ಸರ್ಜರಿಗೆ ಅವಸರ ಸಲ್ಲದು. ತಿಂಗಳುಗಟ್ಟಲೆ ಕಾದರೂ ನರ ಚೇತರಿಸದೆ, ಹುಬ್ಬು ದೃಷ್ಟಿಗೆ ಅಡ್ಡ ಬಂದರೆ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಹುಬ್ಬನ್ನು ಎತ್ತಿ ಹೊಲಿದ ಮಾತ್ರಕ್ಕೆ ನರಕ್ಕೆ ಜೀವ ಬರುವುದಿಲ್ಲ. ಕಣ್ಣು ಮುಚ್ಚದವರಿಗೆ ಹುಬ್ಬನ್ನು ಅತಿಯಾಗಿ ಎತ್ತಿದರೆ ಕಣ್ಣು ಇನ್ನಷ್ಟು ಒಣಗಿ ಹುಣ್ಣಾದೀತು.

ಪ್ರಾಯದಿಂದ ಹುಬ್ಬು ಇಳಿದವರೂ ಎಚ್ಚರ ವಹಿಸಬೇಕು. ಆ ಕವಲು ಕೆನ್ನೆಲುಬಿನ ಮೇಲೆ, ಚರ್ಮದಿಂದ ಹೆಚ್ಚು ಆಳವಿಲ್ಲದೆ ಹಾದುಹೋಗುತ್ತದೆ. ಸರ್ಜರಿಯಲ್ಲಿ ಅದಕ್ಕೇ ಪೆಟ್ಟಾದರೆ ಹುಬ್ಬು ಮತ್ತೆ ಬೀಳಬಹುದು. ಒಪ್ಪಿಗೆಗೆ ಸಹಿ ಹಾಕುವ ಮೊದಲು ಡಾಕ್ಟರಲ್ಲಿ ಎರಡು ಮಾತು ಕೇಳಿಬಿಡೋಣ: ನರ ಹೇಗಿದೆ? ಆಮೇಲೆ ಕಣ್ಣು ಮುಚ್ಚುತ್ತದಾ?